ಚಿಕ್ಕ ವಿಮಾನ ಇಳಿಸಲು ಕಲಿಯುವವರಿಗೆ

ವಿಮಾನ ನೆಲಕ್ಕೆ ಬಡಿದಂತೆ ಇಳಿದರೆ, ಕೊನೆಯ ಹತ್ತು ಅಡಿಯಲ್ಲಿ ಕೈ ತಪ್ಪಿತು ಎಂದು ಕಲಿಯುವವರು ನೊಂದುಕೊಳ್ಳುತ್ತಾರೆ. ಬಹಳ ಸಲ ತಪ್ಪು ನಡೆದಿರುವುದು ಅದಕ್ಕೂ ಒಂದು ನಿಮಿಷ ಮೊದಲು, ವೇಗ ಹೆಚ್ಚಿದ್ದಾಗ ಅದನ್ನು ಹಾಗೆಯೇ ಬಿಟ್ಟಲ್ಲಿ. ಆದ್ದರಿಂದ ಲ್ಯಾಂಡಿಂಗ್ ಶುರುವಾಗುವುದು ಡೌನ್‌ವಿಂಡ್‌ನಲ್ಲೇ, ಅಂದರೆ ಇಳಿಯುವ ದಿಕ್ಕಿಗೆ ವಿರುದ್ಧವಾಗಿ ರನ್‌ವೇ ಪಕ್ಕದಲ್ಲಿ ಹಾರುವಾಗಲೇ ಎಂದು ತಿಳಿಯಿರಿ. ಇಲ್ಲಿರುವ ಅಂಕಿಗಳು ಸೆಸ್ನಾ 172ಎಸ್ ವಿಮಾನಕ್ಕೆ ಹೊಂದುತ್ತವೆ. ನೀವು ಹಾರಿಸುವ ವಿಮಾನದ ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯದೇ ಕೊನೆಯ ಮಾತು.

ಸಾಮಾನ್ಯವಾಗಿ ನೆಲದಿಂದ 1000 ಅಡಿ ಎತ್ತರದಲ್ಲಿ ಹಾರುತ್ತಾ, ಇಳಿಯಬೇಕಾದ ರನ್‌ವೇ ತುದಿ ನಿಮ್ಮ ಪಕ್ಕಕ್ಕೆ ಬಂದಾಗ ಥ್ರಾಟಲ್ (ಎಂಜಿನ್ ಶಕ್ತಿಯ ಹಿಡಿ) ಅನ್ನು ಸುಮಾರು 1500 ಆರ್‌ಪಿಎಂಗೆ (ನಿಮಿಷಕ್ಕೆ ಎಂಜಿನ್ ಸುತ್ತು) ಇಳಿಸಿ. ತಕ್ಷಣ ಮೂತಿ ತಗ್ಗಿಸಬೇಡಿ. ಎತ್ತರ ಹಿಡಿದಿಟ್ಟರೆ ವೇಗ ತಾನಾಗಿ ಇಳಿಯುತ್ತದೆ. 110 ನಾಟ್‌ಗಿಂತ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಕೆಳಗೆ 10 ಡಿಗ್ರಿ ಫ್ಲ್ಯಾಪ್ (ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಸುವ ಹಲಗೆ) ಬಿಡಬಹುದು, ಅದಕ್ಕಿಂತ ಹೆಚ್ಚಿನ ಫ್ಲ್ಯಾಪ್‌ಗೆ 85 ನಾಟ್‌ಗಿಂತ ಕೆಳಗಿರಬೇಕು. ರನ್‌ವೇ ತುದಿ ಭುಜದ ಹಿಂದೆ 45 ಡಿಗ್ರಿ ಕೋನದಲ್ಲಿ ಕಂಡಾಗ ಬೇಸ್‌ಗೆ, ಅಂದರೆ ರನ್‌ವೇಗೆ ಅಡ್ಡವಾಗಿ ಹೋಗುವ ಹಾದಿಗೆ ತಿರುಗಿ, 20 ಡಿಗ್ರಿ ಫ್ಲ್ಯಾಪ್, 70ರಿಂದ 75 ನಾಟ್. ಫೈನಲ್‌ನಲ್ಲಿ, ಅಂದರೆ ರನ್‌ವೇಗೆ ನೇರವಾಗಿ ಇಳಿಯುವ ಕೊನೆಯ ಹಾದಿಯಲ್ಲಿ ಪೂರ್ತಿ ಫ್ಲ್ಯಾಪ್, 65 ನಾಟ್. ಪ್ರತಿ ಬದಲಾವಣೆ ಆದ ಮೇಲೂ ಟ್ರಿಮ್ ಮಾಡಿ, ಅಂದರೆ ಕೈ ಒತ್ತದೆಯೇ ಮೂತಿ ನಿಲ್ಲುವಂತೆ ಟ್ರಿಮ್ ಚಕ್ರ ತಿರುಗಿಸಿ. ಒಂದು ಕ್ಷಣ ಬೆರಳು ಸಡಿಲಿಸಿದಾಗ ಮೂತಿ ಇದ್ದಲ್ಲೇ ನಿಂತರೆ ಟ್ರಿಮ್ ಸರಿ ಇದೆ. ಟ್ರಿಮ್ ಮಾಡದವರ ತೋಳು ಇಡೀ ಹೊತ್ತು ವಿಮಾನದ ಜೊತೆ ಗುದ್ದಾಡುತ್ತದೆ, ಕೊನೆಗೆ ಬೇಕಾದ ನಯ ಆ ಕೈಯಲ್ಲಿ ಉಳಿಯುವುದಿಲ್ಲ.

ಬೇಸ್‌ನಿಂದ ಫೈನಲ್‌ಗೆ ತಿರುಗುವ ಜಾಗದಲ್ಲಿ ಪ್ರಾಣ ಹೋಗಬಹುದು. ಹಿಂದಿನಿಂದ ಗಾಳಿ ತಳ್ಳಿದರೆ ರನ್‌ವೇ ನೇರವನ್ನು ದಾಟಿ ಹೋಗುತ್ತೀರಿ. ಇಷ್ಟು ಕೆಳಗೆ ರೆಕ್ಕೆ ಹೆಚ್ಚು ವಾಲಿಸಲು ಹೆದರಿ, ಮೂತಿಯನ್ನು ರಡ್ಡರ್‌ನಿಂದ (ಕಾಲಿನಿಂದ ಒತ್ತಿ ತಿರುಗಿಸುವ ಬಾಲದ ಚುಕ್ಕಾಣಿ) ಎಳೆಯಬೇಕು ಅನ್ನಿಸುತ್ತದೆ. ಎಂದಿಗೂ ಹಾಗೆ ಮಾಡಬೇಡಿ. ರಡ್ಡರ್ ಅತಿಯಾಗಿ ಒತ್ತಿ, ಜೊತೆಗೆ ಯೋಕ್ (ಕೈಯಲ್ಲಿ ಹಿಡಿಯುವ ಚುಕ್ಕಾಣಿ) ಹಿಂದಕ್ಕೆ ಎಳೆದಾಗ ವಿಮಾನ ಸ್ಟಾಲ್ ಆದರೆ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಂಡರೆ, ಗಿರಕಿ ಹೊಡೆಯುತ್ತಾ ಸ್ಪಿನ್‌ಗೆ ಬೀಳುತ್ತದೆ, ಸರಿಪಡಿಸಲು ಅಲ್ಲಿ ಎತ್ತರ ಸಾಲದು. ಎತ್ತರ ಕಳೆದುಕೊಳ್ಳದೆ ತಿರುಗುವಾಗ 30 ಡಿಗ್ರಿ ವಾಲಿದರೆ ಸ್ಟಾಲ್ ವೇಗ ಸುಮಾರು ಶೇ 7ರಷ್ಟು, 45 ಡಿಗ್ರಿ ವಾಲಿದರೆ ಶೇ 19ರಷ್ಟು ಏರುತ್ತದೆ. 30 ಡಿಗ್ರಿಯ ಗೆರೆ ಹಾಕಿಕೊಳ್ಳಿ. ಅಷ್ಟರಲ್ಲಿ ನೇರ ಸಿಗದಿದ್ದರೆ ಗೋ-ಅರೌಂಡ್ ಮಾಡಿ, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿ.

ಫೈನಲ್‌ನಲ್ಲಿ ರನ್‌ವೇ ಮೇಲೆ ಒಂದು ಗುರುತು ಆರಿಸಿಕೊಂಡು, ಅದು ಗಾಜಿನಲ್ಲಿ ಎಲ್ಲಿ ಕಾಣುತ್ತಿದೆ ಎಂದು ಗಮನಿಸಿ. ಗುರುತು ಗಾಜಿನಲ್ಲಿ ಮೇಲೇರಿದರೆ ನೀವು ಅದಕ್ಕಿಂತ ಮೊದಲೇ ನೆಲ ಮುಟ್ಟುತ್ತೀರಿ, ಕೆಳಗೆ ಜಾರಿದರೆ ದಾಟಿ ಹೋಗುತ್ತೀರಿ, ಅಲ್ಲಾಡದಿದ್ದರೆ ದಾರಿ ಸರಿ. ವೇಗವನ್ನು ಮೂತಿಯಿಂದ, ಎತ್ತರವನ್ನು ಥ್ರಾಟಲ್‌ನಿಂದ ತಿದ್ದಿ. ರನ್‌ವೇ ಪಕ್ಕದಲ್ಲಿ ಇಳಿಯುವ ಕೋನ ತೋರಿಸುವ ಪಾಪಿ (PAPI) ದೀಪಗಳಿದ್ದರೆ ಎರಡು ಬಿಳಿ, ಎರಡು ಕೆಂಪು ಕಾಣಬೇಕು. ನಾಲ್ಕೂ ಕೆಂಪಾದರೆ ತೀರಾ ಕೆಳಗಿದ್ದೀರಿ. ಗಾಳಿ 10 ನಾಟ್ ಇದ್ದು ಆಗಾಗ 20ಕ್ಕೆ ಏರುತ್ತಿದ್ದರೆ, ವ್ಯತ್ಯಾಸದ ಅರ್ಧ, ಅಂದರೆ 5 ನಾಟ್ ಸೇರಿಸಿ. ಅದಕ್ಕಿಂತ ಹೆಚ್ಚು ಬೇಡ. 65ರ ಬದಲು 75ರಲ್ಲಿ ಬಂದರೆ ವಿಮಾನದ ಚಲನಶಕ್ತಿ ಸುಮಾರು ಮೂರನೇ ಒಂದು ಪಾಲು ಹೆಚ್ಚಾಗುತ್ತದೆ. ನೆಲದ ಹತ್ತಿರ ರೆಕ್ಕೆಗೆ ಗಾಳಿಯ ಎಳೆತವೂ ಕಡಿಮೆ, ಹಾಗಾಗಿ ವಿಮಾನ ಇಳಿಯದೆ ತೇಲುತ್ತಲೇ ಹೋಗುತ್ತದೆ.

ಫ್ಲೇರ್, ಅಂದರೆ ನೆಲ ಮುಟ್ಟುವ ಮುನ್ನ ಮೂತಿ ಎತ್ತಿ ಇಳಿತ ನಿಧಾನಿಸುವುದು, ಬರುವುದು ಕಣ್ಣಿನಿಂದ. ಟೇಕಾಫ್‌ಗೆ ಮುಂಚೆ ರನ್‌ವೇ ನಡುಗೆರೆಯ ಮೇಲೆ ನಿಂತಾಗ ಎದುರಿನ ನೋಟವನ್ನು ಮನಸ್ಸಿಗೆ ತೆಗೆದುಕೊಳ್ಳಿ. ಚಕ್ರ ನೆಲದಲ್ಲಿದ್ದಾಗ ನಿಮ್ಮ ಕಣ್ಣು ಇರುವ ಎತ್ತರ ಅದೇ. ಇಳಿಯುವಾಗ ಸುಮಾರು 15ರಿಂದ 20 ಅಡಿಯಲ್ಲಿ ಯೋಕ್ ಮೆಲ್ಲಗೆ ಹಿಂದಕ್ಕೆ ತನ್ನಿ, ಥ್ರಾಟಲ್ ಪೂರ್ತಿ ತೆಗೆಯಿರಿ, ದೃಷ್ಟಿಯನ್ನು ರನ್‌ವೇಯ ದೂರದ ಭಾಗಕ್ಕೆ ಸರಿಸಿ. ಮೂತಿಯ ಮುಂದಿನ ನೆಲವನ್ನೇ ದಿಟ್ಟಿಸಿದರೆ ಅದು ನುಗ್ಗಿ ಬಂದಂತೆ ಕಂಡು ಕೈ ಥಟ್ಟನೆ ಎಳೆಯುತ್ತದೆ, ವಿಮಾನ ಮತ್ತೆ ಮೇಲೇಳುತ್ತದೆ. ಆಮೇಲೆ ಕೆಲಸ ಒಂದೇ: ವಿಮಾನ ಕುಸಿಯಿತು ಅನ್ನಿಸಿದಷ್ಟಕ್ಕೆ ಮಾತ್ರ ಯೋಕ್ ಇನ್ನಷ್ಟು ಹಿಂದಕ್ಕೆ. ಸ್ಟಾಲ್ ಹಾರ್ನ್ ಕೂಗುವ ಹೊತ್ತಿಗೆ ಹಿಂದಿನ ಎರಡು ಚಕ್ರ ಮೊದಲು ಮುಟ್ಟಬೇಕು. ಮೂತಿಚಕ್ರ ತಾನಾಗಿ ಇಳಿಯಲಿ.

ತೇಲುತ್ತಿದೆ ಎಂದು ಯೋಕ್ ಮುಂದಕ್ಕೆ ತಳ್ಳುವುದು ದುಬಾರಿ ತಪ್ಪು. ಮೂತಿಚಕ್ರ ಮೊದಲು ಬಡಿದು ಪುಟಿಯುತ್ತದೆ; ನೀವು ಎಳೆಯುವಷ್ಟರಲ್ಲಿ ಅದು ಮತ್ತೆ ಕೆಳಗೆ. ಎರಡನೇ ಮೂರನೇ ಪುಟಿತಕ್ಕೆ ಮೂತಿಚಕ್ರದ ಕಾಲು, ಎಂಜಿನ್ ಹಿಂದಿನ ಫೈರ್‌ವಾಲ್, ಪ್ರೊಪೆಲ್ಲರ್ ಮೂರೂ ಹಾಳಾಗಬಹುದು. ಸಣ್ಣದಾಗಿ ಮೇಲೆದ್ದರೆ ಮೂತಿಯನ್ನು ಹಾಗೆಯೇ ಹಿಡಿದು, ಸ್ವಲ್ಪ ಥ್ರಾಟಲ್ ಕೊಟ್ಟು ಇಳಿಯಲು ಬಿಡಿ. ದೊಡ್ಡದಾದರೆ ಗೋ-ಅರೌಂಡ್.

ಅಡ್ಡಗಾಳಿ ಇದ್ದಾಗ ಗಾಳಿ ಬರುವ ಕಡೆಯ ರೆಕ್ಕೆ ತಗ್ಗಿಸಿ, ಎದುರು ಕಾಲಿನ ರಡ್ಡರ್‌ನಿಂದ ಮೂತಿಯನ್ನು ನಡುಗೆರೆಗೆ ನೇರ ಇಡಿ. ಗಾಳಿ ಬರುವ ಕಡೆಯ ಚಕ್ರ ಮೊದಲು ಮುಟ್ಟುತ್ತದೆ, ಗಾಬರಿ ಬೇಡ. ಮುಟ್ಟಿದ ಮೇಲೂ ಐಲರಾನ್ (ರೆಕ್ಕೆ ವಾಲಿಸುವ ಹಲಗೆ) ಬಿಡದೆ, ವೇಗ ಇಳಿದಂತೆ ಗಾಳಿಯ ಕಡೆಗೆ ಹೆಚ್ಚಿಸುತ್ತಾ ಹೋಗಿ.

ಗೋ-ಅರೌಂಡ್ ಅನ್ನು ಸೋಲು ಎಂದುಕೊಳ್ಳದೆ, ಲ್ಯಾಂಡಿಂಗ್‌ನಷ್ಟೇ ಅಭ್ಯಾಸ ಮಾಡಿ. ಥ್ರಾಟಲ್ ಪೂರ್ತಿ, ಕಾರ್ಬ್ ಹೀಟ್ (ಕಾರ್ಬ್ಯುರೇಟರ್‌ಗೆ ಬಿಸಿ ಗಾಳಿ ಕೊಡುವ ಹಿಡಿ) ಇರುವ ವಿಮಾನವಾದರೆ ಅದನ್ನು ಒಳಕ್ಕೆ ಒತ್ತಿ, ಫ್ಲ್ಯಾಪ್ 20 ಡಿಗ್ರಿಗೆ. ಲ್ಯಾಂಡಿಂಗ್‌ಗೆಂದು ಮಾಡಿದ್ದ ಟ್ರಿಮ್‌ನಿಂದಾಗಿ ಮೂತಿ ಜೋರಾಗಿ ಮೇಲೇಳುತ್ತದೆ. ಯೋಕ್ ಮುಂದಕ್ಕೆ ಒತ್ತಿ, ಬಲ ರಡ್ಡರ್ ಕೊಟ್ಟು 60 ನಾಟ್ ಹಿಡಿಯಿರಿ. ವಿಮಾನ ಏರುತ್ತಿದೆ ಎಂದು ಖಾತ್ರಿಯಾದ ಮೇಲೆ ಉಳಿದ ಫ್ಲ್ಯಾಪ್ ಹಂತ ಹಂತವಾಗಿ ತೆಗೆಯಿರಿ. ಒಂದೇ ಸಲ ಪೂರ್ತಿ ಎತ್ತಿದರೆ ವಿಮಾನ ಕೆಳಕ್ಕೆ ಕುಸಿಯುತ್ತದೆ.

ನೆಲ ಮುಟ್ಟಿದ ಕೂಡಲೇ ಫ್ಲ್ಯಾಪ್, ರೇಡಿಯೋ ಎಂದು ಕೈ ಹರಿಬಿಡಬೇಡಿ. ನಡುಗೆರೆ ಹಿಡಿದು, ಬ್ರೇಕ್ ನಿಧಾನವಾಗಿ ಒತ್ತಿ, ರನ್‌ವೇ ಬಿಟ್ಟು ಟ್ಯಾಕ್ಸಿವೇಯಲ್ಲಿ ನಿಂತ ಮೇಲೆ ಉಳಿದದ್ದಕ್ಕೆಲ್ಲ ಕೈ ಹಾಕಿ.