ಅಗ್ಗದ ಬಂಕ್ ಎಷ್ಟು ದೂರ ಇದ್ದರೆ ಲಾಭ?

ಹೋದ ತಿಂಗಳು ಭಾವನ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂತಿದ್ದೆ. ರಿಸರ್ವ್ ದೀಪ ಆಗಲೇ ಹತ್ತಿಕೊಂಡಿತ್ತು. ದಾರಿಯಲ್ಲಿ ಎರಡು ಬಂಕ್ ಸಿಕ್ಕರೂ ಭಾವ ನಿಲ್ಲಿಸಲಿಲ್ಲ. ಮೊಬೈಲ್ ಆ್ಯಪ್ ತೋರಿಸಿದ ಅಗ್ಗದ ಬಂಕ್ ಇನ್ನೂ ಏಳು ಕಿಲೋಮೀಟರ್ ಆಚೆ ಇತ್ತು. ಅಲ್ಲಿಗೆ ಹೋದರೆ ಬೋರ್ಡಿನಲ್ಲಿ ಬೇರೆಯೇ ದರ. ಆ್ಯಪ್ ತೆಗೆದು ನೋಡಿದೆ. ದಪ್ಪ ಅಂಕಿಯ ಕೆಳಗೆ ಸಣ್ಣ ಅಕ್ಷರದಲ್ಲಿ ‘3 ದಿನಗಳ ಹಿಂದೆ’ ಅಂತ ಇತ್ತು. ಹೀಗೆ ಉಳಿಸಲು ಹೋಗಿ ಕಳೆದುಕೊಳ್ಳುವವರನ್ನು ತುಂಬಾ ಜನ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಕಡೆ ಎಲ್ಲ ಬಂಕ್‌ಗಳಲ್ಲೂ ಹೆಚ್ಚೂಕಡಿಮೆ ಒಂದೇ ದರ ಇದ್ದರೆ ಈ ತಲೆನೋವೇ ಬೇಡ. ಬಂಕ್‌ನಿಂದ ಬಂಕ್‌ಗೆ ದರ ಬದಲಾಗುವ ಕಡೆ ಮಾತ್ರ ಮುಂದಿನದೆಲ್ಲ ಉಪಯೋಗಕ್ಕೆ ಬರುತ್ತದೆ.

ಹಂತ 1: ದರ ಎಲ್ಲಿಂದ ಬರುತ್ತದೆ ಅಂತ ತಿಳಿದುಕೊಂಡು ಆ್ಯಪ್ ಆರಿಸಿ

ಕೆಲವು ದೇಶಗಳಲ್ಲಿ ಬಂಕ್‌ನವರೇ ಸರ್ಕಾರಕ್ಕೆ ದರ ತಿಳಿಸಬೇಕು. ಜರ್ಮನಿ 2013ರಲ್ಲಿ ಇಂಥ ವ್ಯವಸ್ಥೆ ತಂದಿತು. ದರ ಬದಲಾದ ಐದು ನಿಮಿಷದೊಳಗೆ ಮಾಹಿತಿ ಕೊಡಬೇಕು ಅನ್ನುವ ನಿಯಮ ಅದು. ಆ ಮಾಹಿತಿಯನ್ನೇ ಆ್ಯಪ್‌ಗಳು ತೋರಿಸುತ್ತವೆ. ಅಮೆರಿಕದಲ್ಲಿ 2000ದಲ್ಲಿ ಶುರುವಾದ, ಇಂಧನ ದರ ತೋರಿಸುವ ಗ್ಯಾಸ್‌ಬಡ್ಡಿ ಅನ್ನುವ ಸೇವೆ ಬೆಳೆದದ್ದು ಬೇರೆ ದಾರಿಯಲ್ಲಿ. ಅಲ್ಲಿ ಕಾರು ಓಡಿಸುವವರೇ ಕಂಡ ದರವನ್ನು ಹಾಕುತ್ತಾರೆ. ನಿಮ್ಮಲ್ಲಿ ಸರ್ಕಾರಿ ಮಾಹಿತಿ ಸಿಗುವುದಾದರೆ ಅದನ್ನು ಬಳಸುವ ಆ್ಯಪ್ಪನ್ನೇ ಹಾಕಿಕೊಳ್ಳಿ, ಬೇರೆ ಯೋಚನೆ ಬೇಡ. ಜನ ಹಾಕುವ ದರವಾದರೆ ಯಾವಾಗ ಹಾಕಿದ್ದು ಅಂತ ಮೊದಲು ನೋಡಿ. ಒಂದು ದಿನಕ್ಕಿಂತ ಹಳೆಯದನ್ನು ನಾನು ನಂಬುವುದಿಲ್ಲ. ಸಮಯವನ್ನೇ ತೋರಿಸದ ಆ್ಯಪ್ ಇದ್ದರೆ ಇವತ್ತೇ ಅಳಿಸಿ.

ಹಂತ 2: ಸೆಟ್ಟಿಂಗ್

ನಿಮ್ಮ ಗಾಡಿಗೆ ಹಾಕುವ ಇಂಧನವನ್ನೇ ಆರಿಸಿ. ಲೊಕೇಶನ್ ಅನುಮತಿ ‘ಬಳಸುವಾಗ ಮಾತ್ರ’ ಇರಲಿ. ದರ ತೋರಿಸುವ ಆ್ಯಪ್ ನಿಮ್ಮ ಕಾಂಟ್ಯಾಕ್ಟ್ ಪಟ್ಟಿ ಕೇಳಿದರೆ ಕೊಡಬೇಡಿ.

ಹಂತ 3: ನಿಜವಾದ ಮೈಲೇಜ್ ಅಳೆಯಿರಿ

ನಾಝಲ್ ತಾನಾಗಿ ನಿಲ್ಲುವವರೆಗೆ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ. ಮುಂದಿನ ಸಲವೂ ಹಾಗೇ ತುಂಬಿಸಿ. 450 ಕಿಲೋಮೀಟರ್ ಓಡಿ 30 ಲೀಟರ್ ಹಿಡಿಸಿದರೆ ಮೈಲೇಜ್ 15. ಡ್ಯಾಶ್‌ಬೋರ್ಡ್ ತೋರಿಸುವ ಅಂಕಿ ಎಷ್ಟೋ ಕಾರುಗಳಲ್ಲಿ ಇದಕ್ಕಿಂತ ಜಾಸ್ತಿ ಇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಾಝಲ್ ‘ಟಕ್’ ಅಂದ ಮೇಲೆ ಮತ್ತೆ ಮತ್ತೆ ಒತ್ತಿ ತುಂಬಿಸುವುದೂ ಬೇಡ. ಪೆಟ್ರೋಲ್ ಕಾರಿನಲ್ಲಿ ಆವಿಯನ್ನು ಹಿಡಿದಿಡುವ ಇದ್ದಿಲಿನ ಡಬ್ಬಿ ಇರುತ್ತದೆ. ಅದಕ್ಕೆ ಪೆಟ್ರೋಲೇ ನುಗ್ಗಿದರೆ ಕೆಡುತ್ತದೆ.

ಹಂತ 4: ದರದ ವ್ಯತ್ಯಾಸವನ್ನು ಕಿಲೋಮೀಟರಿಗೆ ತಿರುಗಿಸಿ

ಎಲ್ಲರೂ ಎಡವುವುದು ಇಲ್ಲೇ. ಲೀಟರಿಗೆ ಇಷ್ಟು ಕಡಿಮೆ ಅಂದ ಕೂಡಲೇ ಸ್ಟೇರಿಂಗ್ ತಿರುಗಿಸುತ್ತೇವೆ. ಆ ಉಳಿತಾಯ ಎಷ್ಟು ದೂರದ ಓಡಾಟಕ್ಕೆ ಸಮ ಅಂತ ಕೇಳಿಕೊಳ್ಳುವುದಿಲ್ಲ.

ಎರಡು ದರಗಳ ವ್ಯತ್ಯಾಸವನ್ನು ಹತ್ತಿರದ ಬಂಕ್ ದರದಿಂದ ಭಾಗಿಸಿ, 100ರಿಂದ ಗುಣಿಸಿ. ಶೇಕಡಾ 2 ಬಂತು ಅಂದುಕೊಳ್ಳಿ. ನೀವು ಹಾಕಿಸುವುದು 30 ಲೀಟರ್. ಅದರ ಶೇಕಡಾ 2 ಅಂದರೆ 0.6 ಲೀಟರ್. ನಿಮಗೆ ಉಳಿಯುವುದು ಅಷ್ಟೇ. 15ರ ಮೈಲೇಜಿನಲ್ಲಿ 0.6 ಲೀಟರಿಗೆ ಕಾರು ಓಡುವುದು 9 ಕಿಲೋಮೀಟರ್. ಹೋಗಿ ಬರುವ ಸುತ್ತು 9 ಕಿಲೋಮೀಟರ್ ಆದರೆ ಉಳಿದದ್ದೆಲ್ಲ ದಾರಿಯಲ್ಲೇ ಖರ್ಚು. ಅದಕ್ಕಿಂತ ಜಾಸ್ತಿ ಆದರೆ ನಷ್ಟ.

ವ್ಯತ್ಯಾಸ ಶೇಕಡಾ 1 ಇದ್ದು, 20 ಲೀಟರ್ ಮಾತ್ರ ಹಾಕಿಸಿದರೆ? ಬರೀ 3 ಕಿಲೋಮೀಟರ್. ಅಂದರೆ ಒಂದೂವರೆ ಕಿಲೋಮೀಟರ್ ಆಚೆಗಿನ ಬಂಕಿಗೆ ಹೋಗಿ ಬಂದರೆ ಮುಗಿಯಿತು, ಕೈಗೆ ಏನೂ ಉಳಿಯುವುದಿಲ್ಲ.

ನಾನು ಬಂದ ಉತ್ತರದ ಅರ್ಧ ದೂರ ಮಾತ್ರ ಹೋಗುತ್ತೇನೆ. 9 ಬಂದರೆ ಒಟ್ಟು ನಾಲ್ಕೂವರೆ ಕಿಲೋಮೀಟರ್, ಹೋಗುವುದೂ ಬರುವುದೂ ಸೇರಿ. ನೀವೂ ಹಾಗೇ ಮಾಡಿ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಮೈಲೇಜ್ ಇಳಿಯುತ್ತದೆ, ಬಂಕಿನಲ್ಲಿ ಸಾಲು ಇರುತ್ತದೆ, ಟೈರೂ ಸವೆಯುತ್ತದೆ.

ದೂರ ನೋಡುವಾಗ ಇನ್ನೊಂದು ಎಚ್ಚರ. ಕೆಲವು ಆ್ಯಪ್‌ಗಳು ಪಟ್ಟಿಯಲ್ಲಿ ತೋರಿಸುವುದು ನೇರ ಗೆರೆ ಎಳೆದ ದೂರ. ಬಂಕ್ ಡಿವೈಡರಿನ ಆಚೆ ಇದ್ದರೆ ಯು-ಟರ್ನ್ ಹುಡುಕಿಕೊಂಡು ಹೋಗಬೇಕು, ಅಲ್ವಾ? ‘ದಾರಿ ತೋರಿಸು’ ಒತ್ತಿ, ರಸ್ತೆಯ ದೂರ ನೋಡಿಯೇ ಲೆಕ್ಕ ಹಾಕಿ.

ಹಂತ 5: ಹೇಗೂ ಹೋಗುವ ದಾರಿಯಲ್ಲೇ ಹುಡುಕಿ

ಗೂಗಲ್ ಮ್ಯಾಪ್‌ನಲ್ಲಿ ಮೊದಲು ಹೋಗುವ ಜಾಗ ಹಾಕಿ, ಆಮೇಲೆ ದಾರಿಯುದ್ದಕ್ಕೂ ಇರುವ ಬಂಕ್‌ಗಳನ್ನು ಹುಡುಕಿ. ಸುತ್ತು ಹಾಕುವ ಖರ್ಚೇ ಇಲ್ಲ. ಟ್ಯಾಂಕ್ ಕಾಲು ಭಾಗಕ್ಕೆ ಇಳಿದಾಗಲೇ ಇದನ್ನು ಮಾಡಿ. ರಿಸರ್ವ್ ದೀಪ ಹತ್ತಿದ ಮೇಲೆ ಸಿಕ್ಕಿದ ದರಕ್ಕೆ ಹಾಕಿಸಲೇಬೇಕಾಗುತ್ತದೆ.

ಹಂತ 6: ಯಾವಾಗ ಹಾಕಿಸಬೇಕು?

ಇದು ನಿಮ್ಮ ಕಡೆ ದರ ಬದಲಿಸಲು ಇರುವ ನಿಯಮದ ಮೇಲೆ ಹೋಗುತ್ತದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 2001ರಿಂದ ಫ್ಯುಯೆಲ್‌ವಾಚ್ ಅನ್ನುವ ಸರ್ಕಾರಿ ಸೇವೆ ಇದೆ. ನಾಳೆಯ ದರ ಇವತ್ತು ಮಧ್ಯಾಹ್ನವೇ ಗೊತ್ತಾಗುತ್ತದೆ, ಬೆಳಿಗ್ಗೆ 6ರಿಂದ 24 ಗಂಟೆ ಅದು ಬದಲಾಗುವಂತಿಲ್ಲ. ಇಂಥ ಕಡೆ ಸಂಜೆ ಒಮ್ಮೆ ನೋಡಿದರೆ ಸಾಕು.

ಅಂದಹಾಗೆ, ಮೆಕ್ಯಾನಿಕ್ ದೋಷ ಪತ್ತೆಗೆ ಬಳಸುವ ಕಾರಿನ ಪೋರ್ಟಿಗೆ ಚುಚ್ಚಿದರೆ ಇಂಧನ ಉಳಿಯುತ್ತದೆ ಅಂತ ಮಾರುವ ಪುಟ್ಟ ಡಬ್ಬಿಗಳನ್ನು ದಯವಿಟ್ಟು ಕೊಳ್ಳಬೇಡಿ. ಇಂಧನ ಉಳಿಸುತ್ತವೆ ಅಂತ ಹೇಳಿಕೊಳ್ಳುವ ನೂರಕ್ಕೂ ಹೆಚ್ಚು ಸಾಧನಗಳನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಪರಿಶೀಲಿಸಿದೆ. ಮೈಲೇಜನ್ನು ಗಮನಾರ್ಹವಾಗಿ ಹೆಚ್ಚಿಸಿದ್ದು ಒಂದೂ ಸಿಗಲಿಲ್ಲ.

ಹಂತ 7: ಬಂಕಿನಲ್ಲಿ

ನಾಝಲ್ ಎತ್ತುವ ಮೊದಲು ಬೋರ್ಡ್ ಮತ್ತು ಪಂಪಿನ ದರ ಎರಡನ್ನೂ ನೋಡಿ. ಆ್ಯಪ್ ತೋರಿಸಿದ್ದು ಸದಸ್ಯರಿಗೆ ಮಾತ್ರವೇ, ನಗದಿಗೆ ಮಾತ್ರವೇ ಅಂತ ಕೇಳಿ. ದರ ಬೇರೆ ಇದ್ದರೆ ಹೊರಟ ಮೇಲೆ ಗಾಡಿ ಪಕ್ಕಕ್ಕೆ ನಿಲ್ಲಿಸಿ, ಆ್ಯಪ್‌ನಲ್ಲಿ ಸರಿಯಾದ ದರ ಹಾಕಿ. ಅವತ್ತು ಭಾವನ ಮೊಬೈಲಿನಲ್ಲಿ ನಾನು ಅದನ್ನೇ ಮಾಡಿದೆ. ಅರ್ಧ ನಿಮಿಷವೂ ಹಿಡಿಯಲಿಲ್ಲ.