ತಿಂಗಳ ಸಂಬಳ ಇಲ್ಲದ ಮನೆಗೆ ತಿಂಗಳ ಬಜೆಟ್

ಮನೆ ಬಜೆಟ್ ಬಗ್ಗೆ ಬರೆಯುವವರು ಹೆಚ್ಚಾಗಿ "1ನೇ ತಾರೀಕು ಸಂಬಳ ಬಂದ ಕೂಡಲೇ" ಎಂದು ಶುರು ಮಾಡುತ್ತಾರೆ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಎಷ್ಟು ಮನೆಗೆ ಹಾಗೆ ಸಂಬಳ ಬರುತ್ತದೆ? ನಮಗೆ ದುಡ್ಡು ಬರುವುದು ಅಡಿಕೆ ಮಾರಿದಾಗ. ಕರೆಂಟು ಬಿಲ್ಲು ಬರುವುದು ಎರಡು ತಿಂಗಳಿಗೊಮ್ಮೆ. ನಾನು ಎರಡು ಸಲ ಬಜೆಟ್ ಬರೆದು, ಎರಡು ಸಲವೂ ಮೂರನೇ ವಾರಕ್ಕೆ ಕೈಬಿಟ್ಟೆ. ಮೂರನೇ ಸಲ ವರ್ಷದ ಲೆಕ್ಕದಿಂದ ಶುರು ಮಾಡಿದೆ. ಅದು ನಿಂತಿತು.

ಮೊದಲ ತಿಂಗಳು ಏನನ್ನೂ ಕಡಿಮೆ ಮಾಡಬೇಡಿ, ಸುಮ್ನೆ ಬರೆಯಿರಿ. ನೂರು ಪುಟದ ಒಂದು ನೋಟ್‌ಬುಕ್ ಸಾಕು. ಅಡುಗೆಮನೆ ಬಾಗಿಲ ಹತ್ತಿರ ನೇತುಹಾಕಿ, ಪೆನ್ನನ್ನು ದಾರದಲ್ಲಿ ಕಟ್ಟಿ. ಕಟ್ಟದಿದ್ದರೆ ಮಕ್ಕಳಿರುವ ಮನೆಯಲ್ಲಿ ಪೆನ್ನು ಎರಡನೇ ದಿನ ಇರುವುದಿಲ್ಲ. ಖರ್ಚು ಮಾಡಿದವರೇ ಬರೆಯಬೇಕು. ಫೋನಿನಲ್ಲಿ ಕೊಟ್ಟದ್ದನ್ನು ಭಾನುವಾರ ಕೂತು ನೋಡಿ ಇಳಿಸಿಕೊಳ್ಳಿ.

ಬರೆಯುವಾಗ ಊರಿನ ಹೆಸರಲ್ಲ, ವಸ್ತುವಿನ ಹೆಸರು ಬರೆಯಿರಿ. ನನ್ನ ಮೊದಲ ಪುಸ್ತಕದಲ್ಲಿ "ಕುಂಬಳೆ – 640" ಅಂತ ಒಂದು ಸಾಲಿದೆ. ಹೋದದ್ದು ಚಪ್ಪಲಿ ಹೊಲಿಸಲು! ಆಮೇಲೆ ನೆನಪು ಮಾಡಿದರೆ ಬಂಗುಡೆ, ಬೇಕರಿ, ಫೋನ್ ರೀಚಾರ್ಜ್, ರಿಕ್ಷಾ. ಚಪ್ಪಲಿಗೆ 40 ರೂಪಾಯಿ.

ಈಗ ವರ್ಷದ ಲೆಕ್ಕ. ಅಡಿಕೆ ಮಾರಿ 2,40,000 ರೂಪಾಯಿ ಬಂತು ಎಂದುಕೊಳ್ಳಿ. ಅದರಲ್ಲಿ ಕೊಯ್ಲು, ಸುಲಿಯುವ ಕೂಲಿ, ಗೊಬ್ಬರ, ಮಳೆಗಾಲದ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡಲು ಮೈಲುತುತ್ತು, ಸುಣ್ಣ ಎಲ್ಲ ಸೇರಿ 96,000 ತೋಟಕ್ಕೇ ಹೋಗುತ್ತದೆ. ಆ ದುಡ್ಡು ಮನೆಯದ್ದಲ್ಲ. ಉಳಿದ 1,44,000ವನ್ನು 12ರಿಂದ ಭಾಗಿಸಿ. ತಿಂಗಳಿಗೆ 12,000. ಇದೇ ನಿಮ್ಮ ಸಂಬಳ. ಹಾಲಿನ ದುಡ್ಡು, ಗಲ್ಫಿನಿಂದ ಮಗ ಕಳಿಸುವುದು ಇದ್ದರೆ ಸೇರಿಸಿ. ಮಾರಿದ ದಿನವೇ ತೋಟದ ಪಾಲನ್ನು ಬೇರೆ ಬ್ಯಾಂಕ್ ಖಾತೆಗೆ ಹಾಕಿಬಿಡಿ. ಒಂದೇ ಖಾತೆಯಲ್ಲಿದ್ದರೆ ಮೈಲುತುತ್ತಿನ ದುಡ್ಡಲ್ಲಿ ಮಿಕ್ಸಿ ಬರುತ್ತದೆ. ನಮ್ಮಲ್ಲಿ ಬಂದಿದೆ.

ಖರ್ಚನ್ನೂ ಹಾಗೇ ಒಡೆಯಿರಿ. ಕರೆಂಟು ಬಿಲ್ಲು 1,480 ಬಂದರೆ ತಿಂಗಳಿಗೆ 740 ತೆಗೆದಿಡಿ. ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ ಅದರ ಮೇಲೆ ಸೀಮೆಸುಣ್ಣದಲ್ಲಿ ತಾರೀಕು ಬರೆಯಿರಿ. 900 ರೂಪಾಯಿಯ ಸಿಲಿಂಡರ್ 45 ದಿನ ಬಂದರೆ ತಿಂಗಳಿಗೆ 600. ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಯೂನಿಫಾರ್ಮ್, ಬ್ಯಾಗು, ಕೊಡೆ. ಬೇಸಿಗೆಯಲ್ಲಿ ಮದುವೆಗಳು, ತರವಾಡಿನ (ಕುಟುಂಬದ ಮೂಲಮನೆಯ) ಭೂತಕೋಲದ ವಂತಿಗೆ. ವಿಲ್ಲೇಜ್ ಆಫೀಸಿನ ಭೂತೆರಿಗೆ, ಸ್ಕೂಟರಿನ ಇನ್ಶೂರೆನ್ಸ್. ಎಲ್ಲ ಕೂಡಿಸಿ 12ರಿಂದ ಭಾಗಿಸಿ. ಬರುವ ಮೊತ್ತ ನೋಡಿ ಮೊದಲ ಸಲ ಗಾಬರಿಯಾಗುತ್ತದೆ, ಅಲ್ವಾ? ಆದರೆ ಇವು ಯಾವುವೂ ಹೇಳದೆ ಬಂದ ಖರ್ಚಲ್ಲ.

ಹೇಳದೆ ಬರುವುದು ಕಾಯಿಲೆ. ಸ್ವಲ್ಪ ದೊಡ್ಡದಾದರೆ ನಮ್ಮವರು ತಲಪಾಡಿ ಗಡಿ ದಾಟಿ ಮಂಗಳೂರಿಗೇ ಹೋಗುವುದು. ಡಾಕ್ಟರ ಫೀಸಿಗಿಂತ ಕಾರಿನ ಬಾಡಿಗೆ, ಜೊತೆಗೆ ಹೋದವರ ಊಟ ಜಾಸ್ತಿಯಾಗುವುದುಂಟು. ಪುಸ್ತಕದಲ್ಲಿ "ಮಂಗಳೂರು" ಅಂತಲೇ ಒಂದು ತಲೆಬರಹ ಹಾಕಿ ತಿಂಗಳಿಗೆ 500 ಆದರೂ ಇಡಿ. (ಊರಿನ ಹೆಸರು ಬರೆಯಬೇಡಿ ಅಂದೆ, ಹೌದು. ಇದೊಂದಕ್ಕೆ ವಿನಾಯಿತಿ.)

ಚಿಟ್ಟಿಯ (ಚೀಟಿ ಫಂಡಿನ) ಬಗ್ಗೆ ಒಂದು ಮಾತು. ಕೇರಳದಲ್ಲಿ ಸರಕಾರವೇ 1969ರಿಂದ ತನ್ನದೇ ಹಣಕಾಸು ಸಂಸ್ಥೆ ಕೆಎಸ್ಎಫ್ಇ ಮೂಲಕ ಚಿಟ್ಟಿ ನಡೆಸುತ್ತಿದೆ. ಹಾಗಾಗಿ ಇಲ್ಲಿ ಚಿಟ್ಟಿ ಎಂದರೆ ಉಳಿತಾಯ ಎಂದೇ ಲೆಕ್ಕ. ಹಣ ಎತ್ತುವವರೆಗೆ ಅದು ಸರಿ. ಲೇಲಂನಲ್ಲಿ (ಹರಾಜಿನಲ್ಲಿ) ಪೂರ್ತಿ ಮೊತ್ತಕ್ಕಿಂತ ಕಡಿಮೆಗೆ ಕರೆದು ಎತ್ತಿದ ಮೇಲೆ ಉಳಿದ ಕಂತುಗಳು ಸಾಲವೇ. ಪುಸ್ತಕದಲ್ಲಿ ಅವತ್ತಿನಿಂದ ಅದನ್ನು ಸಾಲದ ಪುಟಕ್ಕೆ ದಾಟಿಸಿ.

ಇಷ್ಟೆಲ್ಲ ತೆಗೆದಿಟ್ಟು ಉಳಿದದ್ದರಲ್ಲಿ ದಿನಸಿ, ಮೀನು, ತರಕಾರಿ, ಬಸ್ಸು. ಸಾಲದಿದ್ದರೆ ಮೊದಲ ತಿಂಗಳ ಪುಟ ತೆರೆದು ಒಂದೇ ಒಂದು ಬಾಬ್ತು ಕಡಿಮೆ ಮಾಡಿ. ಎಲ್ಲವನ್ನೂ ಒಟ್ಟಿಗೆ ಹಿಡಿದರೆ ಮನೆಯವರು ಪುಸ್ತಕವನ್ನೇ ಅಡಗಿಸಿಡುತ್ತಾರೆ. ರೇಷನ್ ಅಂಗಡಿ, ಸರಕಾರದ ಮಾವೇಲಿ ಸ್ಟೋರಿಗೆ ಮೊದಲು ಹೋಗಿ, ಅಲ್ಲಿ ಸಿಗದ್ದನ್ನು ಮಾತ್ರ ಅಂಗಡಿಯಿಂದ ತನ್ನಿ.

ತಿಂಗಳ ಕೊನೆಗೆ ಕೂಡಿಸುವಾಗ 35, 40 ರೂಪಾಯಿ ತಾಳೆಯಾಗುವುದಿಲ್ಲ. ಅದನ್ನು ಹುಡುಕುತ್ತಾ ರಾತ್ರಿ ಹತ್ತು ಗಂಟೆ ಮಾಡಬೇಡಿ. "ಸಿಗಲಿಲ್ಲ – 35" ಅಂತ ಬರೆದು ಪುಟ ಮಗುಚಿ.