ಅಡಿಕೆ ತೋಟದ ಬಾವಿಯಿಂದ ನೇತ್ರಾಣಿಯವರೆಗೆ: ನೀರೊಳಗಿನ ನಮ್ಮ ಕೈಮಾತು

ಹುಟ್ಟಿನಿಂದ ಕಿವಿ ಕೇಳದ ನನ್ನ ತಮ್ಮನ ಜೊತೆ ಮುರುಡೇಶ್ವರದ ಆಚೆ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪದ ಬಳಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು (ಸ್ಕೂಬಾ) 12 ಮೀಟರ್ ಆಳಕ್ಕೆ ಇಳಿದು, ಸುಮಾರು 40 ನಿಮಿಷ ಮನಸಾರೆ ಹರಟಿ ಬಂದಿದ್ದೇನೆ. ಆಗದ ಕೆಲಸ ಎಂದವರು ಕರಾವಳಿಯಲ್ಲೂ ಇದ್ದರು, ದಾವಣಗೆರೆಯ ನಮ್ಮ ಮನೆಯಲ್ಲೂ ಇದ್ದರು. ಒಬ್ಬ ಸ್ಕೂಬಾ ತರಬೇತುದಾರರಂತೂ ಮುಂಗಡ ಹಣವನ್ನೇ ಹಿಂತಿರುಗಿಸಿದರು. ‘ಕೂಗಿದರೆ ಕೇಳಿಸದವರನ್ನು ನೀರಿಗೆ ಇಳಿಸುವುದಿಲ್ಲ’ ಎಂದರು. ‘ನೀರೊಳಗೆ ನೀವು ಯಾರನ್ನು ಕೂಗುತ್ತೀರಿ ಸರ್?’ ಎಂದು ಕೇಳಿದೆ. ಉತ್ತರ ಬರಲಿಲ್ಲ. ತಮ್ಮನ ಕಿವಿತಮಟೆಯಲ್ಲಿ ತೂತಿಲ್ಲ, ಒತ್ತಡ ತಡೆಯುತ್ತದೆ ಎಂದು ವೈದ್ಯರು ಬರೆದುಕೊಟ್ಟ ಚೀಟಿ ನನ್ನ ಜೇಬಿನಲ್ಲಿತ್ತು. ಅದನ್ನೂ ಅವರು ನೋಡಲಿಲ್ಲ.

ಸಂಜ್ಞಾ ಭಾಷೆ ಬಲ್ಲವರಿಗೆ ನೀರೊಳಗೆ ಮಾತು ಸಲೀಸು ಎಂದು ನಾನೂ ನಂಬಿದ್ದೆ. ಹಾಗಿಲ್ಲ. ಮೊದಲ ಪೆಟ್ಟು ಈಜುಕೊಳದಲ್ಲೇ ಬಿತ್ತು. ಹೆಬ್ಬೆರಳು ಎತ್ತಿದರೆ ಮುಳುಗುಗಾರರಿಗೆ ‘ಮೇಲೆ ಹೋಗೋಣ’. ನನ್ನ ತಮ್ಮನಿಗೆ ಮೂವತ್ತು ವರ್ಷಗಳಿಂದ ಅದು ‘ಚೆನ್ನಾಗಿದೆ’. ಆರಾಮವೇ ಎಂದು ಕೇಳಿದಾಗಲೆಲ್ಲ ಅವನು ಸಂತೋಷದಿಂದ ಹೆಬ್ಬೆರಳು ಎತ್ತುತ್ತಿದ್ದ, ತರಬೇತುದಾರರು ಅವನನ್ನು ಮೇಲಕ್ಕೆ ತರುತ್ತಿದ್ದರು. ಒಂದೇ ಬೆಳಿಗ್ಗೆ ಮೂರು ಸಲ ಹೀಗಾಯಿತು. ಆ ದಿನದ ಮೂರು ಸಾವಿರ ರೂಪಾಯಿ ಹೋಯಿತು. ಮನೆಯಲ್ಲಿ, ಊಟದ ಹೊತ್ತಿನಲ್ಲಿ, ಹೆಬ್ಬೆರಳನ್ನೇ ನಿಷೇಧಿಸಿಕೊಂಡು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಮೇಲೆಯೇ ಅವನ ಕೈ ಬದಲಾಯಿತು.

ಎರಡನೆಯ ತೊಡಕು ಕೈಗಳದ್ದು. ನಮ್ಮ ಭಾರತೀಯ ಸಂಜ್ಞಾ ಭಾಷೆಯಲ್ಲಿ ಅಕ್ಷರಗಳನ್ನು ಬಹುಮಟ್ಟಿಗೆ ಎರಡೂ ಕೈ ಸೇರಿಸಿ ತೋರಿಸುತ್ತೇವೆ. ನೀರೊಳಗೆ ಒಂದು ಕೈಯಲ್ಲಿ ಟಾರ್ಚ್ ಅಥವಾ ಉಳಿದ ಗಾಳಿಯ ಒತ್ತಡ ತೋರಿಸುವ ಗೇಜ್ ಇರುತ್ತದೆ. ಎರಡೂ ಕೈ ಬಿಟ್ಟು ಮಾತಾಡಹೋದವನು ಮೇಲೋ ಕೆಳಗೋ ತೇಲಿ ಹೋಗುತ್ತಾನೆ. ಅಕ್ಷರಗಳನ್ನು ಪೂರ್ತಿ ಕೈಬಿಟ್ಟೆವು. ಒಂದೇ ಕೈಗೆ ಒಗ್ಗುವ ಅರವತ್ತು ಎಪ್ಪತ್ತು ಸನ್ನೆಗಳನ್ನು ಆರಿಸಿಕೊಂಡೆವು, ಉಳಿದವನ್ನು ಅರ್ಧಕ್ಕೆ ಕತ್ತರಿಸಿದೆವು.

ಅದಕ್ಕಿಂತ ದೊಡ್ಡ ತೊಡಕು ಮುಖ. ಪ್ರಶ್ನೆ ಕೇಳುವಾಗ ನಮ್ಮ ಹುಬ್ಬು ಮಾತಾಡುತ್ತದೆ. ಮಾಸ್ಕ್ ಹುಬ್ಬನ್ನು ನುಂಗಿತು, ಬಾಯಲ್ಲಿ ಕಚ್ಚಿ ಉಸಿರಾಡುವ ರೆಗ್ಯುಲೇಟರ್ ತುಟಿಯನ್ನು ನುಂಗಿತು. ‘ಗಾಳಿ ಇದೆ’ ಎಂಬುದಕ್ಕೂ ‘ಗಾಳಿ ಇದೆಯೇ?’ ಎಂಬುದಕ್ಕೂ ವ್ಯತ್ಯಾಸವೇ ಉಳಿಯಲಿಲ್ಲ. ಇದರ ಮೇಲೆ ನಾವು ಎಂಟು ತಿಂಗಳು ಕಳೆದೆವು. ತಲೆ ಓರೆ ಮಾಡಿ ನೋಡಿದೆವು, ಭುಜ ಎತ್ತಿ ನೋಡಿದೆವು, ಟಾರ್ಚ್ ಮಿನುಗಿಸಿಯೂ ನೋಡಿದೆವು. ಕೊನೆಗೆ ಗೆದ್ದ ಉಪಾಯವನ್ನು ಇಲ್ಲಿ ಬರೆಯುವುದಿಲ್ಲ. ಅದು ತಮ್ಮನದೇ ಶೋಧ, ಕಲಿಸುವುದಿದ್ದರೆ ಅವನೇ ಕಲಿಸಬೇಕು. ಸನ್ನೆ ಮುಗಿದ ಮೇಲೆ ಕೈಯನ್ನು ತಕ್ಷಣ ಇಳಿಸಬಾರದು ಎಂಬಷ್ಟನ್ನು ಹೇಳಬಲ್ಲೆ.

ಅಭ್ಯಾಸವೆಲ್ಲ ಚನ್ನಗಿರಿ ಕಡೆಯ ಸೋದರಮಾವನ ಅಡಿಕೆ ತೋಟದ ಬಾವಿಯಲ್ಲಿ. ಮೆಟ್ಟಿಲಿರುವ ಹಳೆಯ ಬಾವಿ, ಮಳೆಗಾಲದ ನಂತರ 25 ಅಡಿ ನೀರು. ಮೋಟಾರಿನ ಫ್ಯೂಸ್ ತೆಗೆದು ಜೇಬಿಗೆ ಹಾಕಿಕೊಂಡೇ ಮಾವ ದಡದಲ್ಲಿ ಕೂರುತ್ತಿದ್ದರು. ‘ಸೂಳೆಕೆರೆ ಅಷ್ಟು ದೊಡ್ಡದಿರುವಾಗ ನನ್ನ ಬಾವಿಯೇ ಬೇಕಿತ್ತೇನಪ್ಪಾ’ ಎಂದು ಪ್ರತಿ ಸಲವೂ ಗೊಣಗುತ್ತಿದ್ದರು, ಆದರೆ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಹಸಿರು ನೀರು, ಕಾಲು ಆಡಿಸಿದರೆ ಹೂಳು ಎದ್ದು ಮೊಳಕೈಯೂ ಕಾಣುವುದಿಲ್ಲ. ಆಗ ನೆರವಿಗೆ ಬಂದವರು ಬಾವಿಗೆ ಬಿದ್ದ ಮೋಟಾರ್ ಎತ್ತುವ ಹಿರಿಯರೊಬ್ಬರು. ಹಗ್ಗ ಜಗ್ಗಿ ಮೇಲಿನವರಿಗೆ ಸುದ್ದಿ ಮುಟ್ಟಿಸುವ ಅವರ ಲೆಕ್ಕವನ್ನು ನಾವು ತೋಳಿಗೆ ಇಳಿಸಿಕೊಂಡೆವು. ತೋಳನ್ನು ಒಮ್ಮೆ ಹಿಸುಕಿದರೆ ‘ಆರಾಮವೇ’, ಎರಡು ಸಲ ಹಿಸುಕಿದರೆ ‘ನಿಲ್ಲು’, ಬಿಡದೆ ಹಿಡಿದರೆ ‘ಮೇಲಕ್ಕೆ’.

ಕೈಗವಸಿನದ್ದೇ ಒಂದು ಪ್ರತ್ಯೇಕ ಕಥೆ. ಸಂಚಾರ ಪೊಲೀಸರದಂಥ ಬಿಳಿ ಗವಸು ಆ ನೀರಿನಲ್ಲಿ ಮಂಕಾಯಿತು. ಕೆಂಪು ಆರೇಳು ಅಡಿಯಲ್ಲೇ ಕಪ್ಪಾಯಿತು. ನಿಂಬೆ ಹಳದಿ ಮಾತ್ರ ಬೆರಳು ಬೆರಳಾಗಿ ಕಂಡಿತು, ಜೊತೆಗೆ ಬೆಲೆ 350 ರೂಪಾಯಿ. ಸಿಲಿಂಡರ್ ಬಡಿದು ಕರೆಯುವ ಪದ್ಧತಿಯನ್ನೂ ಪರೀಕ್ಷಿಸಿದೆ. ನನ್ನ ಸಿಲಿಂಡರ್ ಬಡಿದರೆ ಅವನಿಗೆ ಏನೂ ತಿಳಿಯುವುದಿಲ್ಲ, ಅವನದನ್ನು ಬೆರಳಿನಿಂದ ತಟ್ಟಿದರೂ ಬೆನ್ನಿಗೆ ಮುಟ್ಟುತ್ತದೆ.

ಹಣ ನೀರಾದದ್ದು ಸಿಲಿಂಡರ್‌ಗಳಿಗೆ. ಉಸಿರಾಟದ ಗಾಳಿ ತುಂಬುವ ಕಂಪ್ರೆಸರ್ ನಮ್ಮ ಕಡೆ ನನಗೆ ಸಿಗಲಿಲ್ಲ. ವೆಲ್ಡಿಂಗ್ ಅಂಗಡಿಯವರು ಪ್ರೀತಿಯಿಂದ ಆಮ್ಲಜನಕ ತುಂಬಿಕೊಡುತ್ತೇನೆ ಎಂದರು. ಬೇಡವೆಂದು ಕೈಮುಗಿದೆ. ಶುದ್ಧ ಆಮ್ಲಜನಕ ಆರು ಮೀಟರ್ ದಾಟಿದರೆ ಮೈ ಸೆಳೆತ ತಂದು ಕೊಲ್ಲಬಲ್ಲದು. ಶಿವಮೊಗ್ಗ, ಸಾಗರ, ಹೊನ್ನಾವರ ದಾಟಿ ಕರಾವಳಿಗೆ ಹೋಗಿ ನಾಲ್ಕು ಸಿಲಿಂಡರ್ ತುಂಬಿಸಿ ತರಲು ಪ್ರತಿ ಸಲ ಡೀಸೆಲ್ ಸೇರಿ ಏಳೆಂಟು ಸಾವಿರ. ಒಂದೂವರೆ ವರ್ಷದಲ್ಲಿ ಒಟ್ಟು ಒಂದು ಲಕ್ಷದ ಹತ್ತಿರ ಕೈಬಿಟ್ಟಿರಬೇಕು.

ಕಳೆದ ಜನವರಿಯಲ್ಲಿ ಮುರುಡೇಶ್ವರದಿಂದ ದೋಣಿ ಹತ್ತಿದೆವು. ಒಪ್ಪಿಕೊಂಡವರು ಬೇರೆ ತರಬೇತುದಾರರು, ಕಿರಿಯ ವಯಸ್ಸಿನವರು. ಉಪ್ಪುನೀರು ಹೆಚ್ಚು ತೇಲಿಸುವುದರಿಂದ ಬಾವಿಯ ಲೆಕ್ಕಕ್ಕಿಂತ ಎರಡು ಕಿಲೋ ಸೀಸ ಹೆಚ್ಚಿಗೆ ಕಟ್ಟಿಕೊಂಡೆವು. ಬಾವಿಯ ಹಸಿರಿನಿಂದ ಬಂದವರಿಗೆ ಆ ನೀರು ಕನ್ನಡಿ. ಹದಿನೈದು ಮೀಟರ್ ದೂರದಿಂದಲೂ ಅವನ ಹಳದಿ ಬೆರಳುಗಳನ್ನು ಓದಿದೆ. ‘ಆಮೆ, ಕಲ್ಲಿನ ಹಿಂದೆ, ಮುಂಗಾಲಿನಲ್ಲಿ ಗಾಯ, ಹತ್ತಿರ ಹೋಗಬೇಡ.’ ನಮ್ಮ ಜೊತೆ ಇಳಿದ ಉಳಿದವರು ಆಮೆಯತ್ತ ಬೆರಳು ತೋರಿಸಿದರು, ಅಷ್ಟೇ.

ಅರ್ಧ ದಾರಿಯಲ್ಲಿ ಅವನು ನನ್ನ ಬೆನ್ನ ಹಿಂದಿನಿಂದ ಬಂದು ಸಿಲಿಂಡರ್ ತಟ್ಟಿದ. ತಿರುಗಿದರೆ, ಹಿಡಿ ತುಂಬಿ ಬಾಯಿಗೆ ಎಸೆದುಕೊಳ್ಳುವ ಸನ್ನೆ. ಕೈ ರೆಗ್ಯುಲೇಟರ್‌ಗೆ ಒಂದು ಗೇಣು ಇರುವಾಗಲೇ ನಿಂತಿತು. ಮಂಡಕ್ಕಿ! ಸಣ್ಣ ಸಣ್ಣ ಗುಳ್ಳೆ ಸೋರುತ್ತಿದೆ ಎಂಬುದಕ್ಕೆ ಬಾವಿಯಲ್ಲಿ ನಾವೇ ಕಟ್ಟಿಕೊಂಡ ಮಾತು ಅದು. ಆಮೇಲೆ ಅದೇ ಕೈಯ ಬೆರಳೊಂದು ನನ್ನ ಸಿಲಿಂಡರ್ ಕವಾಟದತ್ತ ತಿರುಗಿತು. ಗೇಜ್ ನೋಡಿದೆ, 110 ಬಾರ್ ಒತ್ತಡ, ಗಾಳಿ ಇನ್ನೂ ಸಾಕಷ್ಟಿತ್ತು. ಅವಸರವಿರಲಿಲ್ಲ. ತರಬೇತುದಾರರಿಗೆ ತೋರಿಸಿ, ಮೈಯಲ್ಲಿ ಕರಗಿದ ಸಾರಜನಕ ನಿಧಾನವಾಗಿ ಹೊರಹೋಗಲೆಂದು ಐದು ಮೀಟರಿನಲ್ಲಿ ಮೂರು ನಿಮಿಷ ನಿಂತು, ಮೂವರೂ ಮೇಲೆ ಬಂದೆವು. ಕವಾಟದ ರಬ್ಬರ್ ಉಂಗುರ ಸೀಳಿತ್ತು.

ದೋಣಿಯಲ್ಲಿ ಆ ತರಬೇತುದಾರರು ಸಿಲಿಂಡರ್ ಬಿಚ್ಚುವ ಮೊದಲು ತಮ್ಮನ ಎದುರು ಬಂದು ಕುಳಿತರು. ‘ಆ ಸನ್ನೆಯನ್ನು ಇನ್ನೊಮ್ಮೆ ತೋರಿಸಿ’ ಎಂದು ಕೈಯಲ್ಲೇ ಕೇಳಿದರು. ತಮ್ಮ ಅವರ ಬೆರಳುಗಳನ್ನು ಹಿಡಿದು, ಹಿಡಿಯ ಆಕಾರ ತಿದ್ದಿ, ದಡ ಬರುವವರೆಗೂ ಕಲಿಸಿದ.